ಮದುವೆಯ ನಂತರ ಆರಂಭವಾಗುವ ಕತೆ: ತ್ರಿವೇಣಿಯವರ ಬದುಕು ಮತ್ತು ಕಾದಂಬರಿ

ಕೆಲವು ವರ್ಷಗಳ ಹಿಂದೆ ನಾಗಪುರದ ಕನ್ನಡ ಬಂಧುಗಳ ಪುಟ್ಟ ಕೂಟವೊಂದರಲ್ಲಿ ಆಧುನಿಕ ಕನ್ನಡ ಕಾದಂಬರಿಯನ್ನು ಕುರಿತು ಮಾತನಾಡುವ ಸಂದರ್ಭ ನನಗೆ ಒದಗಿತ್ತು. ಕಾರಂತ, ಕುವೆಂಪು, ಮಾಸ್ತಿ, ನವ್ಯದ ಲೇಖಕರು ಹೀಗೆ ನಾವು ತರಗತಿಗಳಲ್ಲಿ ನಡೆದು ನಡೆದು ಸವೆಸಿದ ದಾರಿಯಲ್ಲೇ ನನ್ನ ಉಪನ್ಯಾಸವೂ ಸಾಗಿ ಮುಗಿಯಿತು. ಕಾಫಿಯ ವೇಳೆಯಲ್ಲಿ ಎಂಬತ್ತರ ಆಸುಪಾಸಿನ ವೃದ್ಧೆಯೊಬ್ಬರು ಹತ್ತಿರ ಬಂದರು. ಮೈಸೂರಿನ ಕಡೆಯವರು, ಮದುವೆಯಾಗಿ ರೈಲ್ವೆಯಲ್ಲಿದ್ದ ಪತಿಯೊಡನೆ ನಾಗಪುರಕ್ಕೆ ಬಂದು ಐದು ದಶಕಗಳೇ ಕಳೆದಿದ್ದವು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಮೇಷ್ಟ್ರೇ, ಇಷ್ಟೆಲ್ಲ ಹೇಳಿದಿರಿ, ತ್ರಿವೇಣಿ ಹೆಸರು ಬರಲೇ ಇಲ್ಲವಲ್ಲ. ನಿಮ್ಮ ಯೂನಿವರ್ಸಿಟಿಯಲ್ಲಿ ಆಕೆಯನ್ನು ಓದಿಸುವುದಿಲ್ಲವೇ?”

ನಾನು ಏನೋ ಒಂದು ಉತ್ತರ ಹೇಳಿದೆ. ಆ ಉತ್ತರ ಆಕೆಗೂ ಒಪ್ಪಿಗೆಯಾಗಲಿಲ್ಲ, ನನಗೂ ಆಗಲಿಲ್ಲ. ನನ್ನ ಪಿಎಚ್.ಡಿ. ಮಹಾಪ್ರಬಂಧದಲ್ಲಿ ತ್ರಿವೇಣಿಯವರಿಗೆ ದೊರೆತದ್ದು ಒಂದು ವಾಕ್ಯ ಮಾತ್ರ. ಅದೂ ‘ಜನಪ್ರಿಯ ಕಾದಂಬರಿಕಾರ್ತಿಯರು’ ಎಂಬ ಪಟ್ಟಿಯ ನಡುವೆ. ಹಾಗೆ ಬರೆಯುವಾಗ ಅವರ ಎರಡೋ ಮೂರೋ ಕಾದಂಬರಿಗಳನ್ನಷ್ಟೇ ನಾನು ಓದಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದು ಲೇಸು. ಪ್ರಸ್ತುತ ಲೇಖನವು ಆ ವೃದ್ಧೆಯ ಪ್ರಶ್ನೆಗೆ ತಡವಾಗಿ ಬರೆದ ಉತ್ತರವೆಂದು ವಾಚಕರು ಭಾವಿಸಬಹುದು.

ಪ್ರಣಯ ಕಾದಂಬರಿಯ ವಿಚಾರವನ್ನು ನಾಗಪುರದಿಂದ ಆರಂಭಿಸುವುದು ಅಸಂಗತವೇನಲ್ಲ. ಮರಾಠಿಯಲ್ಲಿ ಪ್ರಣಯ ಕಾದಂಬರಿಯನ್ನು ಒಂದು ಪ್ರತಿಷ್ಠಿತ ಪ್ರಕಾರವಾಗಿ ಬೆಳೆಸಿದ ನಾ.ಸೀ. ಫಡಕೆ (1894-1978) ಅವರು ಅಧ್ಯಾಪಕರಾಗಿ ಕೆಲಸ ಮಾಡಿದ ಊರುಗಳಲ್ಲಿ ನಾಗಪುರವೂ ಒಂದು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ದೀರ್ಘಕಾಲ ತತ್ತ್ವಶಾಸ್ತ್ರವನ್ನು ಬೋಧಿಸಿದ ಅವರು ‘ಪ್ರತಿಭಾಸಾಧನ’ ಎಂಬ ಗ್ರಂಥದಲ್ಲಿ ಕಥನ ತಂತ್ರವನ್ನು ಶಾಸ್ತ್ರೋಕ್ತವಾಗಿ ಚರ್ಚಿಸಿದರು. ಖಾಂಡೇಕರರೊಡನೆ ‘ಕಲೆಗಾಗಿ ಕಲೆ’ಯ ವಾದವನ್ನು ಹೂಡಿದರು. ಇದೇ ನಾಗಪುರದಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದ ಕುಸುಮಾವತಿ ದೇಶಪಾಂಡೆಯವರು ಮರಾಠಿ ಕಾದಂಬರಿಯ ಮೊದಲ ಶತಕವನ್ನು ಕುರಿತು 1950ರ ದಶಕದಲ್ಲಿ ವಿಮರ್ಶಾಗ್ರಂಥವನ್ನು ರಚಿಸಿದರು. ಮರಾಠಿ ಸಾಹಿತ್ಯ ಸಮ್ಮೇಳನದ ಪ್ರಥಮ ಮಹಿಳಾ ಅಧ್ಯಕ್ಷೆಯೂ (1961) ಅವರೇ. ಅವರೂ ಅವರ ಪತಿ ಕವಿ ಅನಿಲರೂ ಪರಸ್ಪರ ಬರೆದ ಪ್ರೇಮಪತ್ರಗಳು ‘ಕುಸುಮಾನಿಲ’ ಎಂಬ ಹೆಸರಿನಲ್ಲಿ ಪ್ರಕಟವಾಗಿ ಮರಾಠಿ ಓದುಗರಿಗೆ ಇಂದಿಗೂ ಪ್ರಿಯವಾಗಿವೆ. ಜನಪ್ರಿಯ ಕಾದಂಬರಿಯನ್ನೂ ಅದರ ಕರ್ತೃವನ್ನೂ ವಿಮರ್ಶೆಯ ಅಂಗಳದಲ್ಲಿ ಕೂರಿಸಿ ವಾದ ಮಾಡುವ ಪರಂಪರೆ ನೆರೆಯ ಭಾಷೆಯಲ್ಲಿ ಹೀಗೆ ಬೆಳೆದಿತ್ತು. ನಮ್ಮಲ್ಲಿ, ಮುಖ್ಯವಾಗಿ ಬರೆದವಳು ಹೆಣ್ಣಾಗಿದ್ದಾಗ, ವಾದಕ್ಕೂ ಮೊದಲೇ ತೀರ್ಪು ಬರೆದಿಡುವ ಅಭ್ಯಾಸವಿತ್ತು.

ತ್ರಿವೇಣಿಯವರು ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು. ತಂದೆ ಬಿ.ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ಮನೆಯಲ್ಲಿ ಇಟ್ಟ ಹೆಸರು ಭಾಗೀರಥಿ. ಶಾಲೆಗೆ ಸೇರಿಸುವಾಗ ಅದು ಅನಸೂಯ ಎಂದಾಯಿತು. ಲೇಖಕಿಯಾದಾಗ ತಾವೇ ಆರಿಸಿಕೊಂಡ ಹೆಸರು ತ್ರಿವೇಣಿ. ಮೂರು ನದಿಗಳ ಹೆಸರು ಮೂರನೆಯ ಹೆಸರಾಗಿ ಬಂದದ್ದು ಆಕಸ್ಮಿಕವೇ ಇರಬಹುದು. ಕನ್ನಡ ನವೋದಯದ ಆಚಾರ್ಯರಾದ ಬಿ.ಎಂ. ಶ್ರೀಕಂಠಯ್ಯನವರು ಅವರ ದೊಡ್ಡಪ್ಪ. ಕಾದಂಬರಿಕಾರ್ತಿ ವಾಣಿ ಹತ್ತಿರದ ಬಂಧು. ಮುಂದೆ ಹೆಸರು ಮಾಡಿದ ಆರ್ಯಾಂಬ ಪಟ್ಟಾಭಿ ಒಡಹುಟ್ಟಿದ ತಂಗಿ. ಒಂದೇ ಕುಟುಂಬದ ಮೂವರು ಮಹಿಳೆಯರು ಒಂದೇ ಕಾಲದಲ್ಲಿ ಕಾದಂಬರಿ ಪ್ರಕಾರವನ್ನು ಕೈಗೆತ್ತಿಕೊಂಡ ಸಂಗತಿ ಗಮನಾರ್ಹವಾದುದು. ಈ ಮನೆತನವನ್ನು ಪ್ರಸ್ತಾಪಿಸುವಾಗಲೆಲ್ಲ ನಾವು ‘ಬಿ.ಎಂ.ಶ್ರೀ. ಅವರ ತಮ್ಮನ ಮಗಳು’ ಎಂದು ತ್ರಿವೇಣಿಯವರನ್ನು ಪರಿಚಯಿಸುತ್ತೇವೆ. ಬಿ.ಎಂ.ಶ್ರೀ. ಅವರನ್ನು ‘ತ್ರಿವೇಣಿಯವರ ದೊಡ್ಡಪ್ಪ’ ಎಂದು ಪರಿಚಯಿಸಿದವರನ್ನು ನಾನು ಕಂಡಿಲ್ಲ, ಆ ನಾಗಪುರದ ವೃದ್ಧೆಯೊಬ್ಬರ ಹೊರತು.

1947ರಲ್ಲಿ ಅವರು ಮೈಸೂರು ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನು ಮನಶ್ಶಾಸ್ತ್ರದಲ್ಲಿ ಚಿನ್ನದ ಪದಕದೊಂದಿಗೆ ಪಡೆದರು. ಈ ವಿವರವನ್ನು ಜೀವನಚರಿತ್ರೆಯ ಅಲಂಕಾರವೆಂಬಂತೆ ಹೇಳಿ ಮುಂದೆ ಹೋಗುವುದು ರೂಢಿಯಾಗಿದೆ. ಆದರೆ ಮೈಸೂರಿನ ಮನಶ್ಶಾಸ್ತ್ರ ವಿಭಾಗದ ಹಿನ್ನೆಲೆಯನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ವ್ಯಾಸಂಗ ಮಾಡಿ ಬಂದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ 1920ರ ದಶಕದಲ್ಲೇ ಈ ವಿಷಯದ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದ್ದರು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಸ್ವಂತ ಆಸಕ್ತಿಯಿಂದ ಆರಂಭಿಸಿದವರೂ ಇವರೇ. ಭಾರತದಲ್ಲಿ ಮನಶ್ಶಾಸ್ತ್ರವನ್ನು ಕ್ರಮವಾಗಿ ಕಲಿಸುತ್ತಿದ್ದ ಕೇಂದ್ರಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಮೈಸೂರಿನ ತರುಣಿಯೊಬ್ಬಳಿಗೆ ಆ ಶಾಸ್ತ್ರದ ಪರಿಭಾಷೆ ದಕ್ಕಿತು. ಮನೆಯ ಒಳಕೋಣೆಗಳಲ್ಲಿ ಹೆಂಗಸರು ಅನುಭವಿಸುತ್ತಿದ್ದ, ಆದರೆ ಹೆಸರಿಲ್ಲದ ಸಂಕಟಗಳನ್ನು ಗುರುತಿಸಲು ಆ ಪರಿಭಾಷೆ ಅವರಿಗೆ ನೆರವಾಯಿತು. ಕನ್ನಡದಲ್ಲಿ ‘ಮನೋವೈಜ್ಞಾನಿಕ ಕಾದಂಬರಿ’ಯೆಂಬ ಮಾತು ಬಳಕೆಗೆ ಬಂದುದರಲ್ಲಿ ತ್ರಿವೇಣಿಯವರ ಪಾತ್ರ ದೊಡ್ಡದು.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ವಿವಾಹವಾದ ಮೇಲೆ ಅವರು ಬರೆವಣಿಗೆಯನ್ನು ಗಂಭೀರವಾಗಿ ಕೈಗೊಂಡರು. 1953ರಲ್ಲಿ ಬೆಳಕು ಕಂಡ ‘ಅಪಸ್ವರ’ ಅವರನ್ನು ಓದುಗರಿಗೆ ಪರಿಚಯಿಸಿತು. ‘ಅಪಜಯ’ ಅದರ ಮುಂದುವರಿಕೆ. ಅಲ್ಲಿಂದ 1963ರ ಜುಲೈ 29ರಂದು ತಮ್ಮ ಮೂವತ್ತೈದನೆಯ ವಯಸ್ಸಿಗೂ ಮುನ್ನ ತೀರಿಕೊಳ್ಳುವವರೆಗೆ ದೊರೆತದ್ದು ಹತ್ತು ವರ್ಷಗಳು. ಆ ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳೂ ‘ಹೆಂಡತಿಯ ಹೆಸರು’, ‘ಎರಡು ಮನಸ್ಸು’, ‘ಸಮಸ್ಯೆಯ ಮಗು’ ಎಂಬ ಮೂರು ಕಥಾಸಂಕಲನಗಳೂ ಹೊರಬಂದವು. ‘ಹೂವು ಹಣ್ಣು’, ‘ಸೋತು ಗೆದ್ದವಳು’, ‘ಕೀಲುಗೊಂಬೆ’, ‘ಮುಕ್ತಿ’, ‘ದೂರದ ಬೆಟ್ಟ’, ‘ಬೆಕ್ಕಿನ ಕಣ್ಣು’, ‘ಬೆಳ್ಳಿಮೋಡ’, ‘ಶರಪಂಜರ’, ‘ಹಣ್ಣೆಲೆ ಚಿಗುರಿದಾಗ’ – ಈ ಹೆಸರುಗಳು ಒಂದು ತಲೆಮಾರಿನ ಕನ್ನಡ ಮನೆಗಳಲ್ಲಿ ಬಂಧುಗಳ ಹೆಸರಿನಷ್ಟೇ ಪರಿಚಿತವಾಗಿದ್ದವು. ‘ಅವಳ ಮನೆ’ಗೆ ದೇವರಾಜ ಬಹದ್ದೂರ್ ಬಹುಮಾನ ಬಂದಿತು. ಅರ್ಧಕ್ಕೆ ನಿಂತ ‘ಅವಳ ಮಗಳು’ ಕಾದಂಬರಿಯನ್ನು ಎಂ.ಸಿ. ಪದ್ಮ ಅವರು ಪೂರ್ಣಗೊಳಿಸಿದರು.

ಸಾವಿನ ಸಂದರ್ಭವನ್ನು ಹೇಳಲೇಬೇಕು. ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ ಅವರು ಕೊನೆಯುಸಿರೆಳೆದರು. ಬಾಣಂತಿಯ ಮನಸ್ಸಿನ ಕುಸಿತವನ್ನು ಕನ್ನಡದಲ್ಲಿ ಮೊದಲಬಾರಿಗೆ ಅಷ್ಟು ವಿವರವಾಗಿ ಬರೆದ ಲೇಖಕಿಗೆ ಬಾಣಂತಿಕೋಣೆಯಲ್ಲೇ ಬದುಕು ಮುಗಿಯಿತು. ಇದನ್ನು ವಿಧಿಯ ಲೀಲೆಯೆಂದು ಬಣ್ಣಿಸಿ ಬರೆದ ಲೇಖನಗಳು ಬೇಕಾದಷ್ಟಿವೆ. ನನಗೆ ಅದು ಅಷ್ಟೇನೂ ಗೂಢವಾದ ಸಂಗತಿಯೆಂದು ತೋರುವುದಿಲ್ಲ. ಹೆರಿಗೆಯೆಂಬುದು ಆ ಕಾಲದ ಹೆಣ್ಣಿಗೆ ಪ್ರಾಣದೊಡನೆ ಪಣವೊಡ್ಡುವ ಘಟನೆಯಾಗಿತ್ತು. ಆ ಭಯವನ್ನು ಒಳಗಿನಿಂದ ಬಲ್ಲವರು ಮಾತ್ರ ‘ಶರಪಂಜರ’ದಂಥ ಕೃತಿಯನ್ನು ಬರೆಯಬಲ್ಲರು.

ಪ್ರಣಯ ಕಾದಂಬರಿಯೆಂಬ ಹಣೆಪಟ್ಟಿಯನ್ನು ತ್ರಿವೇಣಿಯವರಿಗೆ ಹಚ್ಚುವವರು ಆ ಪ್ರಕಾರದ ಸಾಮಾನ್ಯ ರಚನೆಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ತರುಣ ತರುಣಿಯರ ಭೇಟಿ, ಆಕರ್ಷಣೆ, ಅಡ್ಡಿ, ತಪ್ಪು ತಿಳುವಳಿಕೆ, ಕೊನೆಗೆ ಮಂಗಳವಾದ್ಯ. ಕಾದಂಬರಿ ನಿಲ್ಲುವುದು ಮದುವೆಯ ಚಪ್ಪರದ ಬಾಗಿಲಲ್ಲಿ. ತ್ರಿವೇಣಿಯವರ ಉತ್ತಮ ಕೃತಿಗಳಲ್ಲಿ ಕತೆ ಕಾಲಿಡುವುದೇ ಆ ಬಾಗಿಲನ್ನು ದಾಟಿದ ಮೇಲೆ, ಇಲ್ಲವೇ ಆ ಬಾಗಿಲು ತೆರೆಯದೆ ಹೋದಾಗ. ಅನುರಾಗದ ಆರಂಭವನ್ನು ಅವರು ಸೊಗಸಾಗಿಯೇ ಬರೆಯಬಲ್ಲರು. ಆದರೆ ಅವರ ನಿಜವಾದ ಕುತೂಹಲವಿರುವುದು ಅನುರಾಗವು ಆಸ್ತಿಯ ಎದುರು, ಕಾಯಿಲೆಯ ಎದುರು, ಬಂಧುಗಳ ನಾಲಗೆಯ ಎದುರು ಎಷ್ಟು ಕಾಲ ನಿಂತೀತು ಎಂಬುದರಲ್ಲಿ.

‘ಬೆಳ್ಳಿಮೋಡ’ವನ್ನೇ ನೋಡಬಹುದು. ಮಲೆನಾಡಿನ ಕಾಫಿ ತೋಟದ ಒಡೆಯನ ಏಕಮಾತ್ರ ಪುತ್ರಿ ಇಂದಿರಾ. ಅವಳನ್ನು ವರಿಸಲು ಒಪ್ಪಿದ ಮೋಹನನು ಆಕೆಯ ತಂದೆಯ ಹಣದಿಂದಲೇ ವಿದೇಶಕ್ಕೆ ವ್ಯಾಸಂಗಕ್ಕಾಗಿ ತೆರಳುತ್ತಾನೆ. ಅವನು ದೂರವಿರುವಾಗ ಇಂದಿರೆಯ ತಾಯಿ ಬಹುವರ್ಷಗಳ ಅಂತರದ ಬಳಿಕ ಗಂಡುಮಗುವನ್ನು ಹೆತ್ತು ತೀರಿಕೊಳ್ಳುತ್ತಾಳೆ. ಮರಳಿ ಬಂದ ಮೋಹನನಿಗೆ ಇಂದಿರೆ ಹಿಂದಿನ ಇಂದಿರೆಯಾಗಿ ಕಾಣುವುದಿಲ್ಲ. ತೋಟದ ವಾರಸುದಾರ ಈಗ ತೊಟ್ಟಿಲಲ್ಲಿದ್ದಾನೆ. ಮುಂದೆ ಅಪಘಾತಕ್ಕೆ ಸಿಕ್ಕ ಅವನನ್ನು ಇಂದಿರೆಯೇ ಉಪಚರಿಸುತ್ತಾಳೆ. ಮನಸ್ಸು ಬದಲಿಸಿಕೊಂಡು ಅವನು ಮತ್ತೆ ಕೈ ಚಾಚಿದಾಗ ಅವಳು ಒಲ್ಲೆನೆನ್ನುತ್ತಾಳೆ.

ಇಲ್ಲಿ ಕಾನೂನು ಬಲ್ಲ ಓದುಗರೊಬ್ಬರು ಪ್ರಶ್ನೆಯೆತ್ತಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೂ ಪಾಲನ್ನು ಮಾನ್ಯ ಮಾಡಿತ್ತಲ್ಲವೇ? ಮೈಸೂರು ಸಂಸ್ಥಾನವಂತೂ 1933ರಷ್ಟು ಹಿಂದೆಯೇ ಹಿಂದೂ ಮಹಿಳೆಯರ ಹಕ್ಕುಗಳಿಗಾಗಿ ಶಾಸನ ರಚಿಸಿತ್ತಲ್ಲವೇ? ಅಹುದು. ಆದರೆ ಕಾದಂಬರಿಕಾರ್ತಿ ಬರೆಯುತ್ತಿರುವುದು ಶಾಸನದ ಪುಸ್ತಕವನ್ನಲ್ಲ. ಗಂಡುಸಂತಾನ ಹುಟ್ಟಿದೊಡನೆ ಹೆಣ್ಣುಮಗಳ ‘ಬೆಲೆ’ ಇಳಿಯುತ್ತದೆಂದು ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ಒಪ್ಪಿಕೊಂಡಿದ್ದ ಒಂದು ಲೆಕ್ಕಾಚಾರವನ್ನು. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಬರಲು ಕರ್ನಾಟಕದಲ್ಲಿ 1994ರವರೆಗೂ ದೇಶಕ್ಕೆಲ್ಲ 2005ರವರೆಗೂ ಕಾಯಬೇಕಾಯಿತೆಂಬುದನ್ನು ನೆನೆದರೆ ಮೋಹನನ ಲೆಕ್ಕಾಚಾರದ ಆಯುಷ್ಯ ಎಷ್ಟು ದೀರ್ಘವೆಂಬುದು ವೇದ್ಯವಾಗುತ್ತದೆ. ಇನ್ನೊಂದು ಸೂಕ್ಷ್ಮವೂ ಉಂಟು. ತನ್ನ ಬಾಳು ಕೆಡಲು ಕಾರಣನಾದ ಆ ಹಸುಗೂಸನ್ನು ಸಾಕುವ ಹೊಣೆ ಇಂದಿರೆಯ ಮೇಲೆಯೇ ಬೀಳುತ್ತದೆ. ತಮ್ಮನ ಮೇಲೆ ಅವಳಲ್ಲಿ ಮೂಡಬಹುದಾದ ಮತ್ಸರ, ಮೂಡುವ ಮಮತೆ – ಈ ಎರಡರ ನಡುವಿನ ಎಳೆದಾಟದಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿನಿ ಎದ್ದು ಕಾಣುತ್ತಾಳೆ. ನಿರಾಕರಣೆಯಲ್ಲಿ ಕೊನೆಗೊಳ್ಳುವ ಪ್ರಣಯ ಕಾದಂಬರಿಯನ್ನು ಸಾವಿರಾರು ಗೃಹಿಣಿಯರು ಮತ್ತೆ ಮತ್ತೆ ಓದಿದರೆಂಬ ಸಂಗತಿಗೆ ನಮ್ಮ ವಿಮರ್ಶಕರು ತಕ್ಕ ವಿವರಣೆಯನ್ನು ಕೊಟ್ಟಿಲ್ಲ. ಕನಸಿನಲ್ಲಿ ತೇಲಿಸುವ ಸಾಹಿತ್ಯವೆಂದು ಜರೆದ ಪುಸ್ತಕದಲ್ಲಿ ಕನಸು ಒಡೆಯುವುದೇ ಮುಖ್ಯ ಘಟನೆಯಾಗಿದೆ.

‘ಹಣ್ಣೆಲೆ ಚಿಗುರಿದಾಗ’ ವಿಧವಾವಿವಾಹವನ್ನು ವಸ್ತುವಾಗುಳ್ಳ ಕೃತಿ. ವಿಧವಾವಿವಾಹಕ್ಕೆ ಕಾನೂನಿನ ಸಮ್ಮತಿ ದೊರೆತದ್ದು 1856ರಲ್ಲಿ; ಕಾದಂಬರಿ ಬಂದದ್ದು ಅದಾಗಿ ಒಂದು ಶತಮಾನ ಕಳೆದ ಬಳಿಕ. ನಂಜನಗೂಡು ತಿರುಮಲಾಂಬ ಅವರ ‘ಸುಶೀಲೆ’ (1913) ಕಾಲದಿಂದ ಕನ್ನಡದ ಲೇಖಕಿಯರು ಸ್ತ್ರೀಸಮಸ್ಯೆಯನ್ನು ಬರೆಯುತ್ತಲೇ ಬಂದಿದ್ದರು. ಸ್ವತಃ ಬಾಲವಿಧವೆಯಾಗಿದ್ದ ತಿರುಮಲಾಂಬ ಅವರು ಪತ್ರಿಕೆ ನಡೆಸಿ, ಗ್ರಂಥಮಾಲೆ ಹೊರಡಿಸಿ ದುಡಿದರು. ಕೊಡಗಿನ ಗೌರಮ್ಮನವರು ಸಣ್ಣಕತೆಯಲ್ಲಿ ಅದೇ ಗಾಯವನ್ನು ಮುಟ್ಟಿ, 1939ರಲ್ಲಿ ಎಳೆಯ ವಯಸ್ಸಿನಲ್ಲೇ ಅಗಲಿದರು. ತ್ರಿವೇಣಿಯವರು ಈ ಸರಣಿಯ ಮುಂದಿನ ಕೊಂಡಿ. ಆದರೆ ಸುಧಾರಣೆಯ ಉಪದೇಶವನ್ನು ಅವರು ಕಡಮೆ ಮಾಡಿ, ವಿಧವೆಯಾದ ತರುಣಿಯ ದೇಹಕ್ಕೂ ಮನಸ್ಸಿಗೂ ಆಸೆಗಳಿವೆ ಎಂಬ ಸರಳ ಸತ್ಯವನ್ನು ಸಂಕೋಚವಿಲ್ಲದೆ ಮುಂದಿಟ್ಟರು. ‘ಬೆಕ್ಕಿನ ಕಣ್ಣು’ ಮಲತಾಯಿಯ ಹಿಂಸೆಯನ್ನು ಹೇಳುವ ಹಳೆಯ ಜಾನಪದ ಆಶಯವನ್ನೇ ಎತ್ತಿಕೊಂಡರೂ ಹಿಂಸೆಯ ಒಳಗಣ ಕಾರಣವನ್ನು ಅಗೆದು ನೋಡುತ್ತದೆ. ‘ಹೂವು ಹಣ್ಣು’ ಬಡತನದಿಂದ ವೇಶ್ಯಾವೃತ್ತಿಗೆ ತಳ್ಳಲ್ಪಟ್ಟ ಹೆಣ್ಣಿನ ಕತೆ. ಅ.ನ.ಕೃ. ಮೊದಲಾದ ಪ್ರಗತಿಶೀಲ ಲೇಖಕರು ಇದೇ ವಸ್ತುವನ್ನು ಬರೆದಾಗ ಅದು ಕ್ರಾಂತಿಯೆನಿಸಿ ಚರ್ಚೆಗೊಳಗಾಯಿತು. ಇಪ್ಪತ್ತೈದರ ಹರೆಯದ ಗೃಹಿಣಿ ಬರೆದಾಗ ಮಹಿಳಾ ಕಾದಂಬರಿಯ ಕಪಾಟಿಗೆ ಸೇರಿತು.

ಆದರೂ ತ್ರಿವೇಣಿಯವರ ಹೆಸರು ನಿಲ್ಲುವುದು ‘ಶರಪಂಜರ’ದಿಂದ. ಇದರ ಬಗೆಗೆ ಸ್ವಲ್ಪ ವಿಸ್ತಾರವಾಗಿ ಬರೆಯುವುದು ಅಗತ್ಯ.

ಕಾವೇರಿ, ಸತೀಶ ಒಬ್ಬರನ್ನೊಬ್ಬರು ಮೆಚ್ಚಿ ಮದುವೆಯಾದವರು. ಸುಖವಾಗಿ ಸಾಗಿದ್ದ ಸಂಸಾರದಲ್ಲಿ ಹೆರಿಗೆಯ ಬಳಿಕ ಕಾವೇರಿಯ ಮನಸ್ಸಿನ ಸ್ವಾಸ್ಥ್ಯ ಕೆಡುತ್ತದೆ. ನಮ್ಮ ಹಿರಿಯರು ಇದನ್ನು ‘ಬಾಣಂತಿ ಸನ್ನಿ’ ಎಂದು ಕರೆಯುತ್ತಿದ್ದರು. ಅವಳನ್ನು ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ, ಚಿಕಿತ್ಸೆ ಫಲಿಸುತ್ತದೆ, ಅವಳು ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಸಾಮಾನ್ಯ ಕಾದಂಬರಿಕಾರರಾದರೆ ಇಲ್ಲಿಗೆ ಕೃತಿಯನ್ನು ಮುಗಿಸುತ್ತಿದ್ದರು. ತ್ರಿವೇಣಿಯವರ ಕತೆ ಬಿಗಿಯಾಗುವುದೇ ಇಲ್ಲಿಂದ. ಮನೆಯವರು, ನೆರೆಯವರು, ಬಂಧುಗಳು ಎಲ್ಲರೂ ಅವಳ ಒಂದೊಂದು ಮಾತಿನಲ್ಲೂ ಹುಚ್ಚಿನ ಲಕ್ಷಣವನ್ನು ಹುಡುಕುತ್ತಾರೆ. ಅವಳು ನಕ್ಕರೆ ಸಂಶಯ, ಅತ್ತರೆ ಭಯ. ಸಿಟ್ಟು ಮಾಡುವ ಹಕ್ಕು ಆರೋಗ್ಯವಂತರಿಗೆ ಮಾತ್ರ ಉಂಟು, ಕಾವೇರಿಗೆ ಅದಿಲ್ಲ. ಪತಿಯಂತೂ ಈ ನಡುವೆ ಬೇರೊಬ್ಬಳ ಸಂಗವನ್ನು ಕಂಡುಕೊಂಡಿದ್ದಾನೆ. ಗುಣವಾದ ಮನಸ್ಸನ್ನು ಮನೆಯೇ ಮತ್ತೆ ಒಡೆಯುತ್ತದೆ. ಅವಳ ಪಾಲಿಗೆ ಉಳಿಯುವುದು ಮತ್ತೆ ಅದೇ ಆಸ್ಪತ್ರೆಯ ಹಾದಿ.

ಈ ಕತೆ ಬಂದ ಕಾಲವನ್ನು ಗಮನಿಸಬೇಕು. ಮನೋರೋಗಕ್ಕೆ ಪರಿಣಾಮಕಾರಿಯಾದ ಮೊದಲ ಔಷಧವೆನಿಸಿದ ಕ್ಲೋರ್‌ಪ್ರೊಮಜೀನ್ ಫ್ರಾನ್ಸಿನಲ್ಲಿ ಬಳಕೆಗೆ ಬಂದದ್ದು 1952ರಲ್ಲಿ. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದದ್ದು 1954ರಲ್ಲಿ. ಅದೇ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿಯವರೆಗೆ ಹುಚ್ಚಾಸ್ಪತ್ರೆಗೆ ಹೋದವರಲ್ಲಿ ಅನೇಕರು ಅಲ್ಲೇ ಉಳಿದುಬಿಡುತ್ತಿದ್ದರು. ವಾಸಿಯಾಗಿ ಮನೆಗೆ ಮರಳುವ ರೋಗಿ, ಅದರಲ್ಲೂ ಮರಳಿ ಬರುವ ಹೆಂಡತಿ, ಮಧ್ಯಮವರ್ಗದ ಸಂಸಾರಕ್ಕೆ ಒಂದು ಹೊಸ ಸನ್ನಿವೇಶವಾಗಿತ್ತು. ವೈದ್ಯವಿಜ್ಞಾನ ಮುಂದೆ ನಡೆದಿತ್ತು, ಮನೆ ಹಿಂದೆ ಉಳಿದಿತ್ತು. ಆಗ ಜಾರಿಯಲ್ಲಿದ್ದುದು 1912ರ ‘ಲೂನಸಿ’ ಕಾಯಿದೆ. 1955ರ ಹಿಂದೂ ವಿವಾಹ ಕಾಯಿದೆಯೋ ಮೂರು ವರ್ಷ ಕಾಲ ಗುಣವಾಗದ ಬುದ್ಧಿಭ್ರಮಣೆಯನ್ನು ವಿಚ್ಛೇದನಕ್ಕೆ ಕಾರಣವೆಂದು ಪರಿಗಣಿಸಿತ್ತು. ಗುಣವಾದವಳನ್ನು ಸಂಸಾರ ಒಪ್ಪದಿದ್ದರೆ ಏನು ಗತಿ ಎಂಬುದಕ್ಕೆ ಯಾವ ಕಾಯಿದೆಯಲ್ಲಿಯೂ ಉತ್ತರವಿರಲಿಲ್ಲ. ಆ ಎಡೆಯನ್ನು ತ್ರಿವೇಣಿಯವರು ಗುರುತಿಸಿದರು. ಮನೋರೋಗಿಯ ಘನತೆಯನ್ನು ಹಕ್ಕೆಂದು ಹೇಳುವ ಮಾನಸಿಕ ಆರೋಗ್ಯ ಕಾಯಿದೆ ನಮ್ಮಲ್ಲಿ ಬಂದದ್ದು 2017ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ಪಾಶ್ಚಾತ್ಯ ಪ್ರಣಯ ಕಾದಂಬರಿಯ ಚರಿತ್ರೆಯಲ್ಲಿ ಹುಚ್ಚು ಹಿಡಿದ ಹೆಂಡತಿಗೆ ಒಂದು ನಿಗದಿತ ಸ್ಥಾನವಿದೆ. ಷಾರ್ಲಟ್ ಬ್ರಾಂಟಿಯ ‘ಜೇನ್ ಏರ್’ (1847) ಕಾದಂಬರಿಯಲ್ಲಿ ರಾಚೆಸ್ಟರನ ಮೊದಲ ಹೆಂಡತಿಯನ್ನು ಮನೆಯ ಮೇಲಂತಸ್ತಿನಲ್ಲಿ ಬಚ್ಚಿಡಲಾಗಿದೆ; ಅವಳು ನಾಯಕಿಯ ಸುಖಕ್ಕೆ ಅಡ್ಡಿ; ಅವಳು ಸತ್ತ ಮೇಲೆ ಮದುವೆ. ಅಮೆರಿಕದ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಹೆರಿಗೆಯ ಬಳಿಕದ ಮನೋವ್ಯಥೆಯನ್ನು ಕುರಿತು ಪ್ರಸಿದ್ಧವಾದ ಕತೆಯೊಂದನ್ನು ಬರೆದರು. ಬ್ರಾಂಟಿಯ ಆ ಬಂಧಿತ ಹೆಂಡತಿಗೆ ಜೀನ್ ರೀಸ್ ತನ್ನ ಕಾದಂಬರಿಯಲ್ಲಿ ಬಾಯಿ ಕೊಟ್ಟದ್ದು 1966ರಲ್ಲಿ. ಇದಕ್ಕೆ ಮುಂಚೆಯೇ ಮೈಸೂರಿನ ಲೇಖಕಿಯೊಬ್ಬರು ‘ಹುಚ್ಚಿ’ಯನ್ನು ಅಟ್ಟದಿಂದ ಇಳಿಸಿ ನಡುಮನೆಗೆ ತಂದು ನಾಯಕಿಯಾಗಿ ಕೂರಿಸಿದ್ದರು. ತುಲನಾತ್ಮಕ ಅಧ್ಯಯನದ ಹೆಸರಿನಲ್ಲಿ ಏನೇನನ್ನೋ ಹೋಲಿಸುವ ನಾವು ಈ ಹೋಲಿಕೆಯನ್ನು ನಮ್ಮ ವಿದ್ಯಾರ್ಥಿಗಳಿಗೆ ಏಕೆ ತೋರಿಸಿಕೊಡಲಿಲ್ಲವೋ ತಿಳಿಯದು.

ನಾಗಪುರದ ಆ ವೃದ್ಧೆಯ ಮಾತಿಗೆ ಮತ್ತೆ ಬರುತ್ತೇನೆ. ಮರುದಿನ ಅವರ ಮನೆಗೆ ಹೋದಾಗ ಕಂದು ಕಾಗದದ ಹೊದಿಕೆ ಹಾಕಿದ ‘ಶರಪಂಜರ’ದ ಹಳೆಯ ಪ್ರತಿಯೊಂದನ್ನು ಅವರು ತೋರಿಸಿದರು. ಅವರ ಅಕ್ಕನಿಗೆ ಎರಡನೆಯ ಹೆರಿಗೆಯ ನಂತರ ಇದೇ ಕಾಯಿಲೆ ಬಂದು ಎಂಟು ತಿಂಗಳಲ್ಲಿ ವಾಸಿಯಾಯಿತಂತೆ. ಆದರೆ ಅತ್ತೆಯ ಮನೆಯಲ್ಲಿ ಆಕೆಯ ಕೈಗೆ ಮತ್ತೆ ಒಲೆಯನ್ನೂ ಕೊಡಲಿಲ್ಲ, ಮಗುವನ್ನೂ ಕೊಡಲಿಲ್ಲ. ಆಕೆ ತವರಿಗೆ ಬಂದಳು. ಈ ತಂಗಿ ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ತಾಯಿಗೆ ‘ಶರಪಂಜರ’ವನ್ನು ಗಟ್ಟಿಯಾಗಿ ಓದಿ ಹೇಳಿದರು. “ಅಮ್ಮ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ ಮೇಷ್ಟ್ರೇ. ನಾಲ್ಕನೇ ದಿನ ಅಕ್ಕನ್ನ ಕರೆದು ಇವತ್ತು ಸಾರು ನೀನು ಮಾಡು ಅಂದಳು” ಎಂದು ಹೇಳಿ ಅವರು ಸುಮ್ಮನಾದರು. ಸಾಹಿತ್ಯದ ಪ್ರಯೋಜನವನ್ನು ಕುರಿತು ಮಮ್ಮಟನಿಂದ ಮೊದಲ್ಗೊಂಡು ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಇಂಥ ಉದಾಹರಣೆ ನನ್ನ ಟಿಪ್ಪಣಿಗಳಲ್ಲಿ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ತ್ರಿವೇಣಿಯವರ ಬರೆವಣಿಗೆಯಲ್ಲಿ ದೋಷಗಳಿಲ್ಲವೆಂದಲ್ಲ. ಹತ್ತು ವರ್ಷಗಳಲ್ಲಿ ಇಪ್ಪತ್ತು ಕಾದಂಬರಿಗಳೆಂದರೆ ವರ್ಷಕ್ಕೆ ಎರಡು. ಆ ಆತುರದ ಗುರುತು ಭಾಷೆಯ ಮೇಲೂ ಬಿದ್ದಿದೆ. ಆಕಸ್ಮಿಕಗಳನ್ನು ಅವರು ಧಾರಾಳವಾಗಿ ಬಳಸುತ್ತಾರೆ. ಪಾತ್ರದ ವರ್ತನೆಯಿಂದಲೇ ತಿಳಿಯಬಹುದಾದುದನ್ನು ಕೆಲವೆಡೆ ವೈದ್ಯನೋ ವಿದ್ಯಾವಂತ ಮಿತ್ರನೋ ಪಠ್ಯಪುಸ್ತಕದ ಧಾಟಿಯಲ್ಲಿ ವಿವರಿಸುವುದುಂಟು. ಅವರ ಲೋಕವೂ ಸೀಮಿತ: ನಗರದ, ಬಹುಮಟ್ಟಿಗೆ ಮೇಲುಜಾತಿಯ, ವಿದ್ಯಾವಂತ ಕುಟುಂಬಗಳ ಲೋಕ. ಮನೆಗೆಲಸದವರು ಅಲ್ಲಿ ಬಂದು ಹೋಗುತ್ತಾರೆ, ಅವರ ಮನಸ್ಸಿನ ಒಳಗೆ ಲೇಖಕಿ ಇಳಿಯುವುದಿಲ್ಲ. ಇವು ನಿಜವಾದ ಆಕ್ಷೇಪಗಳು; ಇವನ್ನು ಮರೆಮಾಚಿ ಹೊಗಳುವುದರಿಂದ ಆಕೆಗೆ ಉಪಕಾರವಾಗದು. ಆದರೆ ಇವೇ ದೋಷಗಳು ಆ ಕಾಲದ ಖ್ಯಾತ ಪುರುಷ ಕಾದಂಬರಿಕಾರರಲ್ಲಿಯೂ ಹೇರಳವಾಗಿವೆ. ಅವರನ್ನು ಅದಕ್ಕಾಗಿ ಯಾರೂ ಚರಿತ್ರೆಯ ಅಡಿಟಿಪ್ಪಣಿಗೆ ಇಳಿಸಲಿಲ್ಲ.

ಫಡಕೆಯವರನ್ನು ಈ ದೃಷ್ಟಿಯಿಂದ ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಇನ್ನಷ್ಟು ನಿಚ್ಚಳವಾಗುತ್ತದೆ. ಕಥನಕೌಶಲದಲ್ಲಿ, ಸಂಭಾಷಣೆಯ ಚೆಲುವಿನಲ್ಲಿ ಫಡಕೆ ಹೆಚ್ಚಿನವರು. ಅವರಿಗೆ ಪದ್ಮಭೂಷಣ ಬಂತು, ರತ್ನಾಗಿರಿಯ ಸಾಹಿತ್ಯ ಸಮ್ಮೇಳನದ (1940) ಅಧ್ಯಕ್ಷತೆ ಬಂತು, ಎಂಬತ್ತನ್ನು ಮೀರಿದ ಆಯುಷ್ಯವೂ ಬಂತು. ಅವರ ಕಾದಂಬರಿಗಳಲ್ಲಿ ಪ್ರಣಯವು ಬುದ್ಧಿವಂತ ತರುಣರ ಸುಂದರವಾದ ವ್ಯವಹಾರ. ತ್ರಿವೇಣಿಯವರಲ್ಲಿ ಅದಕ್ಕೆ ಬೆಲೆ ತೆರುವವರು ಯಾರೆಂಬ ಪ್ರಶ್ನೆ ಸದಾ ಜೊತೆಗಿರುತ್ತದೆ. ನಾನು ಎರಡನ್ನೂ ಸಂತೋಷದಿಂದ ಓದಬಲ್ಲೆ. ಮತ್ತೆ ಓದಬೇಕೆನಿಸುವುದು ಎರಡನೆಯದನ್ನು.

ನವ್ಯ ಸಾಹಿತ್ಯ ಚಳವಳಿ ಕನ್ನಡದಲ್ಲಿ ಪ್ರಬಲವಾದದ್ದು ತ್ರಿವೇಣಿಯವರ ನಿಧನದ ಆಸುಪಾಸಿನಲ್ಲಿ. ‘ಸಂಸ್ಕಾರ’ ಹೊರಬಂದದ್ದು 1965ರಲ್ಲಿ. ವ್ಯಕ್ತಿಯ ಅಂತರಂಗದ ಶೋಧನೆಯೇ ನವ್ಯದ ಘೋಷವಾಕ್ಯ. ವಿಚಿತ್ರವೆಂದರೆ ಅಂತರಂಗವನ್ನು ಅದಕ್ಕಿಂತ ಒಂದು ದಶಕ ಮೊದಲೇ ಶೋಧಿಸತೊಡಗಿದ್ದ ಲೇಖಕಿ ಆ ವಿಮರ್ಶೆಯ ಕಣ್ಣಿಗೆ ಬೀಳಲೇ ಇಲ್ಲ. ಹೆಣ್ಣಿನ ಅಂತರಂಗಕ್ಕೆ ಅಸ್ತಿತ್ವವಾದದ ಪರಿಭಾಷೆಯ ಉಡುಪು ಇರಲಿಲ್ಲವೆಂಬುದೇ ಕಾರಣವಾಗಿರಬೇಕು. ‘ಅಡುಗೆಮನೆ ಸಾಹಿತ್ಯ’ ಎಂಬ ಮಾತನ್ನು ಪಡಸಾಲೆಯಲ್ಲಿ ಕುಳಿತು ಕಾಫಿ ಹೀರುತ್ತ ಆಡಿದವರಲ್ಲಿ ನಾನೂ ಒಬ್ಬ. ಸ್ತ್ರೀವಾದಿ ಅಧ್ಯಯನಗಳು ಬಲಗೊಂಡ ಮೇಲೆ ಪರಿಸ್ಥಿತಿ ಸ್ವಲ್ಪಮಟ್ಟಿಗೆ ಬದಲಾಗಿದೆ.

ಓದುಗರು ಮಾತ್ರ ವಿಮರ್ಶಕರಿಗಾಗಿ ಕಾಯಲಿಲ್ಲ, ಚಿತ್ರರಂಗವೂ ಕಾಯಲಿಲ್ಲ. ಪುಟ್ಟಣ್ಣ ಕಣಗಾಲರು ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಮೊದಲು ತಂದದ್ದು ಮಲಯಾಳಂ ತೆರೆಗೆ, 1966ರಲ್ಲಿ, ‘ಪೂಚ್ಚಕ್ಕಣ್ಣಿ’ ಎಂಬ ಹೆಸರಿನಲ್ಲಿ. ಮರುವರ್ಷದ ‘ಬೆಳ್ಳಿಮೋಡ’ (1967) ಕನ್ನಡದಲ್ಲಿ ಅವರಿಗೆ ನೆಲೆ ಕೊಟ್ಟಿತು. ಕಲ್ಪನಾ ಅವರನ್ನು ದೊಡ್ಡ ನಟಿಯನ್ನಾಗಿಸಿತು. 1968ರಲ್ಲಿ ಎಂ.ಆರ್. ವಿಠಲ್ ನಿರ್ದೇಶನದ ‘ಹಣ್ಣೆಲೆ ಚಿಗುರಿದಾಗ’, 1971ರಲ್ಲಿ ಎನ್. ಲಕ್ಷ್ಮೀನಾರಾಯಣರ 'ಮುಕ್ತಿ’, ಅದೇ ವರ್ಷ ಪುಟ್ಟಣ್ಣನವರ ‘ಶರಪಂಜರ’, ಬಹಳ ಕಾಲದ ನಂತರ 1993ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಹೂವು ಹಣ್ಣು’. ಕಾದಂಬರಿ ಆಧಾರಿತ ಚಿತ್ರಗಳ ಪರಂಪರೆ ಕನ್ನಡದಲ್ಲಿ ಬೇರೂರಲು ಈ ಕೃತಿಗಳು ಮುಖ್ಯ ಕಾರಣಗಳಲ್ಲೊಂದು. ಇದರಿಂದ ಒಂದು ನಷ್ಟವೂ ಆಯಿತೆಂದು ನನ್ನ ಭಾವನೆ. ಕಾವೇರಿಯೆಂದೊಡನೆ ಜನರ ಕಣ್ಣ ಮುಂದೆ ಕಲ್ಪನಾ ಅವರ ಮುಖ ನಿಲ್ಲುತ್ತದೆ. ಆ ಅಭಿನಯದ ತೀವ್ರತೆಯಲ್ಲಿ, ಕಾದಂಬರಿಯ ಕಾವೇರಿ ಎಷ್ಟೊಂದು ಕಡೆ ಸುಮ್ಮನಿದ್ದಾಳೆಂಬುದು ಮರೆತುಹೋಗುತ್ತದೆ. ಚಿತ್ರ ನೋಡಿ ಕಾದಂಬರಿಯನ್ನು ಬಲ್ಲೆವೆಂದು ಭಾವಿಸಿದ ವಿದ್ಯಾರ್ಥಿಗಳನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ತ್ರಿವೇಣಿ ತೀರಿಕೊಂಡ 1963ರಲ್ಲೇ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಪ್ರಕಟವಾಯಿತು. ಅನುಪಮಾ ನಿರಂಜನ ವೈದ್ಯೆಯ ಅನುಭವದೊಡನೆ ಅದೇ ದಾರಿಯಲ್ಲಿ ಮುಂದುವರಿದರು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ವಾರಪತ್ರಿಕೆಗಳ ಧಾರಾವಾಹಿಗಳ ಮೂಲಕ ಕಾದಂಬರಿಕಾರ್ತಿಯರ ದೊಡ್ಡ ಪಡೆಯೇ ಬೆಳೆಯಿತು. ಅವರಲ್ಲಿ ಹಲವರು ಹಳೆಯ ಸೂತ್ರಕ್ಕೇ, ಮಂಗಳವಾದ್ಯಕ್ಕೇ ಮರಳಿದರೆಂಬುದೂ ನಿಜ. ತ್ರಿವೇಣಿಯವರನ್ನು ಆ ಸೂತ್ರದ ಮೂಲಪುರುಷಳೆಂಬಂತೆ ಕಾಣುವುದು ಕಾಲಕ್ರಮವನ್ನು ತಲೆಕೆಳಗು ಮಾಡಿದಂತೆ.

ಪುಸ್ತಕವನ್ನು ನೋಡಿ ಮರಳಿಸುವಾಗ ಅದರ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದ ಹೆಸರುಗಳ ಸಾಲೊಂದು ಕಣ್ಣಿಗೆ ಬಿತ್ತು. ಓದಲು ಒಯ್ದವರ ಹೆಸರು, ಒಯ್ದ ದಿನಾಂಕ, ಮರಳಿಸಿದ ದಿನಾಂಕ. ನಾಗಪುರದ ಕನ್ನಡ ಕುಟುಂಬಗಳ ಹೆಂಗಸರು ಹೀಗೆ ಒಂದೇ ಪ್ರತಿಯನ್ನು ವರ್ಷಗಟ್ಟಲೆ ಕೈಯಿಂದ ಕೈಗೆ ದಾಟಿಸಿದ್ದರು. ಎಣಿಸಿದೆ, ಮೂವತ್ತೊಂದು ಹೆಸರುಗಳಿದ್ದವು. ಒಂದಾವರ್ತಿ ಸರಿಯಾಗಿ ಓದಿ ಹಿಂದಿರುಗಿಸುತ್ತೇನೆಂದು ನಾನು ಕೇಳಿದಾಗ ಆಕೆ ಪೆನ್ಸಿಲನ್ನು ನನ್ನ ಕೈಗೆ ಕೊಟ್ಟು, ದಿನಾಂಕವನ್ನೂ ಬರೆಯಬೇಕೆಂದರು.